ಗೆರೆ ಎಳೆಯುವ ಮೊದಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಪರೇಷನ್‌ಗೆ ರೋಗಿಗಳನ್ನು ಅಣಿಗೊಳಿಸುವ ಕೋಣೆಯಲ್ಲಿ ಬ್ರದರ್ ತಮ್ಮ ಅಂಗೈಗಳನ್ನು ಉಜ್ಜಿ ಬಿಸಿಮಾಡಿಕೊಳ್ಳುತ್ತಿದ್ದಾರೆ. ‘ಮೊದಲೇ ಹೆದರಿರ್ತಾರೆ. ತಣ್ಣಗಿನ ಕೈ ತಾಗಿದ್ರೆ ಇನ್ನೂ ಮುದುಡಿಕೊಳ್ತಾರೆ.’

ಎದುರಿಗೆ ಸ್ಟೂಲಿನ ಮೇಲೆ ಕುಳಿತ ಯುವಕ ಎರಡೂ ತೋಳುಗಳನ್ನು ಎದೆಗೆ ಅಡ್ಡ ಹಿಡಿದಿದ್ದಾನೆ. ಈಜುಕೊಳದಲ್ಲಿ ಮುಳುಗುವವರನ್ನು ಎತ್ತುವುದು ಅವನ ಕೆಲಸ. ನೀರಿಗಿಳಿಯುವಾಗಲೂ ಅಂಗಿ ತೆಗೆಯುವುದಿಲ್ಲ. ಹರೆಯದಲ್ಲಿ ಹೆಂಗಸರದಂತೆ ಉಬ್ಬಿದ ಎದೆ ಹಾಗೇ ಉಳಿದುಬಿಟ್ಟಿದೆ. ಇವತ್ತು ಅದನ್ನು ತೆಗೆಯಬೇಕು. ಬ್ರದರ್ ಬಗ್ಗೆ ಬರೆಯಲು ಬಂದ ನಾನು ಅವನ ಒಪ್ಪಿಗೆಯಿಂದಲೇ ಮೂಲೆಯಲ್ಲಿ ನಿಂತಿದ್ದೇನೆ.

ಬ್ರದರ್ ಇಲ್ಲಿನ ಹಿರಿಯ ನರ್ಸ್. ತಾಯಿ ಇದೇ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಮಗ ಸ್ಟ್ರೆಚರ್ ತಳ್ಳುತ್ತಲೇ ಓದಿದರು. ‘ರಕ್ತ ಕಂಡ್ರೆ ತಲೆ ಸುತ್ತಿ ಬೀಳ್ತಿದ್ದೆ. ನನ್ನನ್ನ ಎತ್ತೋಕೇ ಇಬ್ಬರು ಬೇಕಾಗ್ತಿತ್ತು’ ಎಂದು ನಗುತ್ತಾರೆ. ಊರಿಗೆಲ್ಲ ಅವರು ಬ್ರದರ್. ಊಟದ ಡಬ್ಬಿ ತಂದ ಹೆಂಡತಿಯೂ ಒಮ್ಮೆ ‘ಬ್ರದರ್ ಎಲ್ಲಿ?’ ಎಂದು ಕೇಳಿ ನಾಲಿಗೆ ಕಚ್ಚಿಕೊಂಡಿದ್ದರಂತೆ. ದಿನಕ್ಕೆ ಆರೇಳು ಮಂದಿಯ ಮೈಯನ್ನು ಅವರು ಬೋಳಿಸಿ, ತೊಳೆದು, ನಿಲ್ಲಿಸುತ್ತಾರೆ. ಎದೆಯ ಆಪರೇಷನ್‌ನಲ್ಲಿ ಎಲ್ಲಿ ಕೊಯ್ಯಬೇಕೆಂದು ಡಾಕ್ಟರು ಗೆರೆ ಎಳೆಯುವುದು ರೋಗಿ ನಿಂತಿರುವಾಗಲೇ. ಮಲಗಿದರೆ ಎದೆ ಹರಡಿ ಮಡಿಕೆಯೇ ಕಾಣದು. ಉಬ್ಬು ಕಡಿಮೆಯಿದ್ದರೆ ಮೊಲೆತೊಟ್ಟಿನ ಸುತ್ತಲ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಅರ್ಧಚಂದ್ರದಂಥ ಸಣ್ಣ ಗೆರೆ ಸಾಕು. ಬಣ್ಣ ಬದಲಾಗುವಲ್ಲಿ ಕಲೆ ಅಡಗುತ್ತದೆ. ಚರ್ಮ ಹೆಚ್ಚಾಗಿ ಜೋತಿದ್ದರೆ ಎದೆಯ ಕೆಳಗೆ ಉದ್ದಕ್ಕೂ ಕೊಯ್ಯಬೇಕು. ಯುವಕನಿಗೆ ನಿಗದಿಯಾಗಿರುವುದು ಆ ಉದ್ದ ಗೆರೆ.

‘ಇದೇನಪ್ಪಾ, ಭುಜದ ಹಿಂದೆ ಪಟ್ಟಿ?’

‘ಉಳುಕಿದೆ, ಬ್ರದರ್. ಅದನ್ನ ಮುಟ್ಬೇಡಿ.’

ಆದರೆ ತೊಳೆಯಬೇಕಲ್ಲ. ಬ್ರದರ್ ಮೆಲ್ಲಗೆ ಪಟ್ಟಿ ಬಿಡಿಸುತ್ತಾರೆ. ಅಡಿಯಲ್ಲಿ ಹುರುಳಿಕಾಯಿಯಂತೆ ಉಬ್ಬಿ ಹೊಳೆಯುವ ಕಲೆ.

‘ಏನಾಗಿತ್ತು ಇಲ್ಲಿ?’

‘ಒಂದು ಮೊಡವೆ. ಅಷ್ಟೇ.’

ಬ್ರದರ್ ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಡುತ್ತಾರೆ. ಕೆಲವರ ಮೈಯಲ್ಲಿ ಗಾಯ ಮಾಗಿದ ಮೇಲೂ ಕಲೆ ಬೆಳೆಯುತ್ತಲೇ ಹೋಗುತ್ತದೆ. ಎದೆಯ ಮೇಲಂತೂ ಅದರ ಕಾಟ ಹೆಚ್ಚು.

‘ಇಂಥ ಕಲೆ ಇದೆಯಾ ಅಂತ ಡಾಕ್ಟರಮ್ಮ ಕೇಳಿರಲಿಲ್ವಾ?’

‘ಕೇಳಿದ್ರು. ಇಲ್ಲ ಅಂದೆ. ನಿಮ್ಮ ದಮ್ಮಯ್ಯ, ಹೇಳ್ಬೇಡಿ. ಬೇಡ ಅಂತ ಕಳಿಸಿಬಿಡ್ತಾರೆ. ಇನ್ನೊಂದ್ಸಲ ಇಲ್ಲಿಗೆ ಬರೋ ಧೈರ್ಯ ನನಗಿಲ್ಲ.’ ಅವನು ಬ್ರದರ್ ಅವರ ಮಣಿಕಟ್ಟು ಹಿಡಿದುಕೊಳ್ಳುತ್ತಾನೆ.

‘ನಾನು ಸುಮ್ನಿದ್ರೆ ನಿನ್ನೆದೆ ಮೇಲೆ ಇಂಥದ್ದೇ ಎರಡು ಹಗ್ಗ ಬೀಳುತ್ತೆ ಕಣಪ್ಪಾ. ನೀನೇ ಹೇಳ್ತೀಯೋ, ನಾನು ಹೇಳ್ಲೋ?’

ಹೊರಗೆ ಚಪ್ಪಲಿ ಸದ್ದು. ಡಾಕ್ಟರು ಪೆನ್ನು ಹಿಡಿದು ಒಳಬರುತ್ತಾರೆ. ಯುವಕ ನೆಲ ನೋಡುತ್ತಾನೆ. ಬ್ರದರ್ ಹೇಳಿಬಿಡುತ್ತಾರೆ.

ಡಾಕ್ಟರು ಕಲೆಯನ್ನು ಬೆರಳಿನಿಂದ ಒತ್ತಿ ನೋಡಿ ಪೆನ್ನಿನ ಮುಚ್ಚಳ ಹಾಕುತ್ತಾರೆ. ‘ಉದ್ದ ಗೆರೆ ಬೇಡವೇ ಬೇಡ. ಕಪ್ಪು ವೃತ್ತದ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಒಳಗಿನ ಗಂಟು ತೆಗೀಬಹುದು, ಕಂಕುಳ ಪಕ್ಕದ ಸಣ್ಣ ತೂತಿನಿಂದ ಕೊಬ್ಬು ಎಳೀಬಹುದು. ಆದ್ರೆ ಚರ್ಮ ಸ್ವಲ್ಪ ಜೋತೇ ಇರುತ್ತೆ. ಆ ಸಣ್ಣ ಕಲೆಯೂ ಉಬ್ಬಲ್ಲ ಅಂತ ನಾನು ಮಾತು ಕೊಡಲಾರೆ. ಇವತ್ತು ಬೇಡ. ಮನೆಗೆ ಹೋಗಿ ಯೋಚನೆ ಮಾಡಿ.’

ಯುವಕ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ. ಬಾಗಿಲಲ್ಲಿ ತಿರುಗಿ ‘ನಿಮ್ಮನ್ನ ಅಣ್ಣ ಅಂದ್ಕೊಂಡಿದ್ದೆ. ಹಾಳಾಗಿ ಹೋಗಿ’ ಎಂದು ಹೊರಟುಹೋಗುತ್ತಾನೆ.

ಮುಂದಿನ ವಾರಗಳಲ್ಲಿ ಬ್ರದರ್‌ಗೆ ನೆಮ್ಮದಿಯಿಲ್ಲ. ಅವರನ್ನು ಕಾಡುವುದು ಆ ಬೈಗುಳವಲ್ಲ. ‘ಏನೂ ಕೇಳದೆ ಕೊಯ್ದು ಕಳಿಸೋ ಜಾಗಗಳೂ ಇವೆ ಸಾರ್. ಅಲ್ಲಿಗೆ ಹೋಗಿಬಿಟ್ರೆ? ಹುಡುಗ ಏನಾದ್ರೂ ಮಾಡ್ಕೊಂಡ್ರೆ?’ ‘ನೀವು ಸರಿಯಾದ್ದೇ ಮಾಡಿದ್ದೀರಿ’ ಎಂದು ಹೆಂಡತಿ ಸಮಾಧಾನ ಮಾಡಿದರೆ, ‘ಸರಿ ಅಂತ ಅವನಿಗೂ ಅನ್ನಿಸ್ಬೇಕಲ್ಲ’ ಎನ್ನುತ್ತಾರೆ.

ಒಂದು ಬೆಳಿಗ್ಗೆ ಅವನು ಬರುತ್ತಾನೆ, ಪಟ್ಟಿಯಿಲ್ಲದೆ. ಈ ಸಲ ಸಣ್ಣ ಗೆರೆಗಳು ಮಾತ್ರ. ಡಾಕ್ಟರು ಗುರುತು ಮಾಡುವಷ್ಟು ಹೊತ್ತೂ ಹಲ್ಲು ಕಚ್ಚಿ ನಿಂತಿರುತ್ತಾನೆ. ಆಪರೇಷನ್ ತೊಂದರೆಯಿಲ್ಲದೆ ಮುಗಿಯುತ್ತದೆ. ತಿಂಗಳುಗಳ ನಂತರ ಎಡಗಡೆಯ ಕಲೆ ಹುಡುಕಿದರೂ ಸಿಗುವುದಿಲ್ಲ. ಬಲಗಡೆ ಒಂದು ತುದಿ ದಪ್ಪಗಾಗಿದೆ. ಅದಕ್ಕೆ ಇಂಜೆಕ್ಷನ್ ನಡೆಯುತ್ತಿದೆ. ಚರ್ಮ ತುಸು ಸಡಿಲ. ನೀರಿಗಿಳಿಯುವಾಗ ಇನ್ನೂ ಅಂಗಿ ಹಾಕಿಯೇ ಇಳಿಯುತ್ತಾನಂತೆ.

ಇಷ್ಟಾದರೂ ಅಂಗಿ ತೆಗೆಯುವ ಭಯ ಹೋಗಲಿಲ್ಲವಲ್ಲ ಎಂದು ಬ್ರದರ್‌ಗೆ ಬೇಸರವೇ ಎಂದು ಕೇಳುತ್ತೇನೆ. ಅವರು ಮುಂದಿನ ರೋಗಿಗೆ ಗೌನು ಬಿಡಿಸುತ್ತಿದ್ದಾರೆ.

‘ಭಯ ಹೋಗೋಕೆ ಸಮಯ ಬೇಕು ಸಾರ್, ಹೋಗದೆಯೂ ಇರಬಹುದು. ಆದ್ರೆ ಹೊಲಿಗೆ ಬಿಚ್ಚೋ ದಿನ ಬೇರೆ ನರ್ಸು ಹೋದ್ರೆ, ಮುಟ್ಟೋಕೇ ಬಿಡ್ಲಿಲ್ಲ. ಬ್ರದರ್ ಬರ್ಲಿ ಅಂತ ಮಧ್ಯಾಹ್ನದ ತನಕ ಕೂತಿದ್ದ.’