ಪಾಡವಾದ ಗುಡಿ, ನನ್ನ ಅಂಟೆನಾ

ನಿಪ್ಪಾಣಿಯ ಆ ದೊಡ್ಡ ಲೇಔಟಿಗೆ ಮೂವತ್ತೆರಡು ವೈರ್‌ಲೆಸ್ ಕ್ಯಾಮೆರಾ ಕೂಡಿಸುವುದು ನಾನು ಸ್ವಂತವಾಗಿ ಹಿಡಿದ ಮೊದಲ ದೊಡ್ಡ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ರಜೆಯಲ್ಲಿ ಕಬ್ಬು ಕಡಿದು ಓದಿದ ಡಿಗ್ರಿ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಲೇಔಟ್ ಕಮಿಟಿಯ ಅಧ್ಯಕ್ಷರಿಗೆ ಮಾತ್ರ ಕೊಲ್ಹಾಪುರದ ಕಂಪನಿಯೇ ಬೇಕಿತ್ತು.

"ಪಾಡವಾ ದಿನ ಹನ್ನೊಂದಕ್ಕ ಉದ್ಘಾಟನೆ. ಒಂದು ಕ್ಯಾಮೆರಾ ಕಾಣಲಿಲ್ಲಂದ್ರೂ ನಿನ್ನ ಸಾಮಾನು ಬಿಚ್ಕೊಂಡು ನಡಿ," ಎಂದಿದ್ದರು.

ಹಿಂದಿನ ದಿನ ಎಲ್ಲವೂ ಕಾಣುತ್ತಿದ್ದವು. ಪಾಡವಾದ, ಅಂದರೆ ಯುಗಾದಿಯ, ಬೆಳಿಗ್ಗೆ ಹತ್ತೂವರೆಗೆ ಕಮಿಟಿ ಹಾಲ್‌ನಲ್ಲಿ ಸ್ಕ್ರೀನ್ ಹಚ್ಚಿದರೆ ಹಿಂದಿನ ಓಣಿಗಳ ಇಪ್ಪತ್ತೊಂದು ಚೌಕ ಕಪ್ಪು. ಕರೆಂಟ್ ಇತ್ತು. ಆ ಇಪ್ಪತ್ತೊಂದರ ಸಿಗ್ನಲ್ಲೂ ಬರುವುದು ನಡುವಿನ ಒಂದು ಎತ್ತರದ ಮನೆಯ ಮೇಲೆ ನಾನು ಪೈಪಿಗೆ ಕಟ್ಟಿದ ಅಂಟೆನಾದಿಂದ. ಓಡಿದೆ.

ಮಾಳಿಗೆ ಹತ್ತಿ ಅಂಟೆನಾ ನೋಡಿದೆ. ನಮ್ಮ ಗಡಿ ಭಾಗದಲ್ಲಿ ಅಂದು ಬಿದಿರಿಗೆ ಸೀರೆ, ಬೇವು, ಸಕ್ಕರೆ ಸರ ಕಟ್ಟಿ, ತುದಿಗೆ ತಾಮ್ರದ ತಂಬಿಗೆ ಬೋರಲು ಹಾಕಿ ಗುಡಿ ನಿಲ್ಲಿಸುತ್ತಾರೆ. ಈ ಮನೆಯವರು ಬಿದಿರು ಬಿಟ್ಟು ನನ್ನ ಪೈಪಿಗೇ ಕಟ್ಟಿದ್ದರು. ತಂಬಿಗೆ ಕಡ್ಡಿಯಂಥ ಅಂಟೆನಾದ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತು ಸಿಗ್ನಲ್ ತಡೆದಿತ್ತು.

"ಆಯಿ, ಇದು ಅಂಟೆನಾರಿ!"

"ಆಗ್ಲೇಳು," ಎಂದಳು ಮನೆಯ ಮುದುಕಿ. "ನಮ್ಮ ಬಿದರ ವಾಲತೈತಿ, ನಿಂದು ನೆಟ್ಟಗ ಐತಿ. ಓಣ್ಯಾಗ ನಮ್ಮ ಗುಡೀನ ಎತ್ತರ, ನೋಡ."

"ತಂಬಗಿ ಒಂದ ತಗೀರಿ, ಹತ್ತ ನಿಮಿಷ."

"ಹೊತ್ತು ಮುಳಗೂ ಮುಂದ ಇಳಸೂದು. ವರ್ಷದ ಮೊದಲನೇ ದಿನಾನ ಗುಡಿ ಕೆಡವಂತಿಯೇನ್ಲೇ? ಕಲ್ತಾಂವ ಅಂತಾರ ನಿನಗ!"

ಕೈ ಮುಗಿದೆ. ಆಕೆ ಪೈಪಿಗೆ ಅಡ್ಡ ನಿಂತಳು. ಹನ್ನೊಂದಕ್ಕೆ ಹನ್ನೆರಡು ನಿಮಿಷ. ಅಧ್ಯಕ್ಷರ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಚೀಲದಲ್ಲಿ ಇನ್ನೊಂದು ಅಂಟೆನಾ ಇತ್ತು, ಕಟ್ಟಲು ಎತ್ತರದ ಕಂಬ ಇರಲಿಲ್ಲ. "ಹಂಗಾರ ನಿಮ್ಮ ಬಿದರರೆ ಕೊಡ್ರಿ," ಎಂದೆ.

"ಅದನ್ನ ಒಯ್ಯಿ, ಯಾರ ಬ್ಯಾಡ ಅಂದಾರ?"

ಅಂಟೆನಾವನ್ನು ಬಿದಿರಿನ ತುದಿಗೆ ಟೇಪಿನಿಂದ ಸುತ್ತಿದೆ. ಪೈಪಿನ ಬುಡದ ಸಿಗ್ನಲ್ ಡಬ್ಬಿಯಿಂದ ಹಳೆಯ ವೈರು ಬಿಚ್ಚಿ ಹೊಸದನ್ನು ತಿರುಪಿದೆ. ಬೆವರಿಗೆ ಕೈ ಜಾರುತ್ತಿತ್ತು. ಗುಡಿಗೆ ತಾಗದಂತೆ ದೂರ ನಿಂತು ಬಿದಿರನ್ನು ಎತ್ತಿ ಹಿಡಿದೆ. ಹಗ್ಗ ಹುಡುಕಲು ಪುರಸೊತ್ತಿರಲಿಲ್ಲ. ಒಂದು ಕೈಯಲ್ಲಿ ಅಧ್ಯಕ್ಷರಿಗೆ ಫೋನು ಹಚ್ಚಿ ಕಿವಿ, ಹೆಗಲ ನಡುವೆ ಸಿಕ್ಕಿಸಿಕೊಂಡೆ.

"ಎಷ್ಟು ಕಾಣಾಕತ್ತಾವ್ರಿ?"

"ಹನ್ನೊಂದು," ಎಂದರು ಅಧ್ಯಕ್ಷರು. "ಮಂದಿ ಕುಂತೈತಿ. ಮರ್ಯಾದಿ ಕಳಿತಿ ನೀ."

ಬಿದಿರನ್ನು ಇನ್ನೊಂದು ಮೊಳ ಎತ್ತಿದೆ.

"ಹದಿನಾಲ್ಕು... ತಡಿ. ಇಪ್ಪತ್ತಾತು. ಅಲುಗಬ್ಯಾಡ! ಮೂವತ್ತು." ಬಿದಿರನ್ನು ಎದೆಗೆ ಒತ್ತಿ ಹಿಡಿದೆ. "ಮೂವತ್ತೆರಡು. ಎಲ್ಲಿ ಅದಿ? ಬಾ, ಕಾಯಿ ಒಡೀಬೇಕು."

"ಬರಾಕ ಆಗೂದಿಲ್ರಿ. ನೀವ ಒಡೀರಿ."

ಫೋನಿನಲ್ಲಿ ಚಪ್ಪಾಳೆ ಕೇಳಿಸಿತು. ಆಯಿ ತಟ್ಟೆಯಲ್ಲಿ ಹೋಳಿಗೆ ತಂದು, ಬಿದಿರು ಹಿಡಿದ ನನ್ನ ಎರಡೂ ಕೈ ನೋಡಿ, "ಬಾಯಿ ತಗಿ," ಎಂದಳು.