ಕಣಕ್ಕಿಳಿದ ಚಪ್ಪಲಿ

ಪವಿತ್ರ ಗುರುವಾರ ಸಂಜೆ ನಮ್ಮ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಕಡೆಯ ಊಟದ ಹೊತ್ತಿಗೆ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ. ಆ ಶಿಷ್ಯರು ಧೂಳಿನ ದಾರಿಯಲ್ಲಿ ನಡೆದು ಬಂದವರು, ತೊಳೆಯುವುದಕ್ಕೆ ಏನಾದರೂ ಇತ್ತು. ನಮ್ಮ ಮೂಡಿಗೆರೆಯ ಹನ್ನೆರಡು ಜನ ಬುಧವಾರವೇ ಬಚ್ಚಲಲ್ಲಿ ಕೂತು ತಿಕ್ಕಲು ಶುರುಮಾಡುತ್ತಾರೆ. ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ, ಉಗುರು ಕತ್ತರಿಸಿ, ಬಿರುಕಿಗೆಲ್ಲ ಮುಲಾಮು ತುಂಬಿ, ಕೆಲವರು ಮೇಲಿಂದ ಪೌಡರನ್ನೂ ಬಳಿದುಕೊಂಡು ಬರುತ್ತಾರೆ. ಫಾದರ್ ಹೊಯ್ದ ನೀರು ಕೆಳಗಿನ ಬೋಗುಣಿಗೆ ಇಳಿದಾಗ ಅದರಲ್ಲಿ ಕಾಫಿ ಕಾಯಿಸಬಹುದು, ಅಷ್ಟು ಚೊಕ್ಕ. ನಾನು ವರ್ಷವರ್ಷವೂ ಹಿಂದಿನ ಬೆಂಚಿನಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಆ ವರ್ಷ ಫಾದರ್ ನನ್ನನ್ನೇ ಹಿಡಿದರು. "ಈ ಸಲ ಬೇರೆ ಬೇರೆ ಕೆಲಸದವರನ್ನು ಕೂರಿಸೋಣ ಅಂತ. ಜೀಪ್ ಡ್ರೈವರ್, ಟೈಲರ್, ಎಸ್ಟೇಟಿನ ಲೆಕ್ಕ ಬರೆಯೋ ರೈಟರ್, ಬೇಕರಿಯವರು. ನರ್ಸ್ ಅಂತ ನೀವು ಬನ್ನಿ. ನಾವು ಮಾಡೋ ದಿನನಿತ್ಯದ ಕೆಲಸವೇ ದೇವರ ಕೆಲಸ ಅಂತ ಜನಕ್ಕೆ ಗೊತ್ತಾಗ್ಲಿ" ಎಂದರು. ಫಾದರ್ ಎದುರಿಗೆ ಗಂಭೀರವಾಗಿ ತಲೆ ಆಡಿಸಿದೆ. ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಎಂದರೆ ಕಾಲು ಉಜ್ಜುವ ಕಲ್ಲು ಹುಡುಕಿದ್ದು.

ದೇವರ ಕೆಲಸದ ಬಗ್ಗೆ ನನ್ನ ಮತ್ತು ದೇವರ ನಡುವೆ ಹಳೇ ತಕರಾರಿದೆ. ಹುಡುಗಿಯಾಗಿದ್ದಾಗ ಕಾನ್ವೆಂಟಿಗೆ ಸೇರಿ ಸಿಸ್ಟರ್ ಆಗಬೇಕು, ಎಲ್ಲೋ ದೂರದ ದೇಶಕ್ಕೆ ಹೋಗಿ ರೋಗಿಗಳ ಸೇವೆ ಮಾಡಬೇಕು ಅಂತ ಹೊರಟವಳು ನಾನು. ಮದರ್ ಸುಪೀರಿಯರ್ ವರ್ಷ ತುಂಬುವ ಮೊದಲೇ ಟ್ರಂಕು ಕಟ್ಟಿಸಿ ಕಳಿಸಿದರು. "ನಿನ್ನ ಮನಸ್ಸೇನೋ ಚೆನ್ನಾಗಿದೆ ಮಗಳೇ, ನಾಲಗೆಯೇ ಸರಿಯಿಲ್ಲ" ಎಂದರು. ಆಮೇಲೆ ನರ್ಸಿಂಗ್ ಕಲಿತೆ. ದೂರದೇಶ ಅಂದುಕೊಂಡವಳು ಬಂದು ಸೇರಿದ್ದು ಮೂಡಿಗೆರೆ ಬಸ್‌ಸ್ಟ್ಯಾಂಡ್ ಹಿಂದಿನ ಒಂದು ಸಣ್ಣ ಕ್ಲಿನಿಕ್ಕಿಗೆ. ಡಾಕ್ಟರು ಚೀಟಿ ಬರೆಯುತ್ತಾರೆ, ನಾನು ಗಾಯ ಕಟ್ಟುತ್ತೇನೆ. ಜಿಗಣೆ ಕಚ್ಚಿದ್ದನ್ನು ಕೆರೆದು ಕೀವಾದದ್ದು, ಗಿಡ ಸವರುವ ಕಸಿ ಕತ್ತಿ ತಾಗಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆಯ ಕಾಲುಗಳು. ಊರೆಲ್ಲ ನನ್ನನ್ನು ಸಿಸ್ಟರ್ ಎನ್ನುತ್ತದೆ. ಕಾನ್ವೆಂಟ್ ಕೊಡದ ಹೆಸರನ್ನು ಕೀವು ಕೊಟ್ಟಿತು ಅಂತ ಒಮ್ಮೊಮ್ಮೆ ರಾತ್ರಿ ಜಪಸರ ಹಿಡಿದಾಗ ಯೇಸುಸ್ವಾಮಿಗೆ ಹೇಳುತ್ತಿದ್ದೆ. ಅವರು ಉತ್ತರ ಕೊಡುವ ಪೈಕಿ ಅಲ್ಲ.

ತಪಸ್ಸುಕಾಲ ಬಂದರೆ ನಮ್ಮವರು ಈಸ್ಟರ್ ತನಕ ಏನಾದರೊಂದು ಬಿಡುತ್ತಾರೆ. ಅಮ್ಮ ಮೀನು ಬಿಡುತ್ತಾಳೆ. ನಾನು ಆ ಸಲ ಬೈಗುಳ ಬಿಟ್ಟಿದ್ದೆ. ಬೈಗುಳ ಬಿಡುವುದೆಂದರೆ ನನಗೆ ಉಪ್ಪು ಬಿಟ್ಟ ಹಾಗೆ, ಯಾವ ಮಾತೂ ರುಚಿಸುವುದಿಲ್ಲ. ಮೊದಲ ದಿನ, ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡು ಕ್ಲಿನಿಕ್ಕಿಗೆ ಬಂದರೆ ಮೇಸ್ತ್ರಿಗಳು ಬೆಂಚಿನ ಮೇಲೆ ಕೂತಿದ್ದರು. ಊರಾಚೆಯ ಗೌಡರ ಎಸ್ಟೇಟಿನ ಹಳೇ ಮೇಸ್ತ್ರಿ, ನಮ್ಮಪ್ಪನ ವಯಸ್ಸಿನವರು.

"ನಿಮ್ಮಲ್ಲೂ ವಿಭೂತಿ ಇದೆಯಾ ಸಿಸ್ಟರಮ್ಮ?" ಎಂದರು.

"ಇದೆ, ವರ್ಷಕ್ಕೊಂದೇ ಸಲ. ನಿಮ್ಮಷ್ಟು ಭಕ್ತಿ ನಮಗಿಲ್ಲ. ಕಾಲಿಗೇನಾಯ್ತು?"

"ಏನಿಲ್ಲ, ಒಂದು ಗುಳ್ಳೆ."

ಸುತ್ತಿದ್ದ ಬಟ್ಟೆ ಬಿಚ್ಚಿದೆ. ಗುಳ್ಳೆಯಂತೆ ಗುಳ್ಳೆ! ಬಲಗಾಲಿನ ಮುಂಪಾದದ ಅಡಿ ಪೂರಾ ಸುಟ್ಟು ಚರ್ಮ ಸುಲಿದು ಬೆರಳ ಬುಡದಲ್ಲಿ ಕಪ್ಪಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ನಿಂತದ್ದಂತೆ. ಕಾದ ಹೆಂಚಿನ ಮೇಲೆ ಯಾರಾದರೂ ಅಷ್ಟು ಹೊತ್ತು ನಿಲ್ಲುತ್ತಾರಾ? ಅನುಮಾನ ಬಂತು. ಅವರು ತಮ್ಮ ಮಗಳ ಮನೆ ಸುದ್ದಿ ಹೇಳುತ್ತಿದ್ದಾಗ ಎಡಗಾಲಿನ ಅಡಿಗೆ ಸೂಜಿ ಒತ್ತಿದೆ. ಸುದ್ದಿ ನಿಲ್ಲಲಿಲ್ಲ. ಇನ್ನೂ ಒತ್ತಿದೆ. ಮಗಳು ಹೊಸ ಮಿಕ್ಸಿ ತಗೊಂಡದ್ದೂ ಬಂತು. ಸೂಜಿ ಎತ್ತಿ ಅವರ ಕಣ್ಣೆದುರು ಹಿಡಿದೆ. ಮೇಸ್ತ್ರಿಗಳು ಸೂಜಿ ನೋಡಿದರು, ನನ್ನನ್ನು ನೋಡಿದರು, ಮಾತು ಅಲ್ಲಿಗೇ ನಿಂತಿತು.

"ಗೌಡ್ರಿಗೆ ಹೇಳ್ಬೇಡಿ ಸಿಸ್ಟರಮ್ಮ" ಎಂದರು.

ಯಾಕೆ ಹೇಳಬಾರದು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಎಸ್ಟೇಟಿನಲ್ಲಿ ಕಾಫಿ ಒಣಗಿತೇ ಇಲ್ಲವೇ ಅಂತ ಹೇಳುವುದು ಮೇಸ್ತ್ರಿಗಳ ಪಾದ. ಕಣದಲ್ಲಿ ಹರವಿದ ಕಾಫಿಯ ನಡುವೆ ಬರಿಗಾಲಲ್ಲಿ ಎರಡು ಹೆಜ್ಜೆ ಎಳೆದು, ಕಣ್ಣುಮುಚ್ಚಿ ನಿಂತು, "ಇನ್ನೆರಡು ಬಿಸಿಲು ಬೇಕು" ಎಂದರೆ ಮುಗಿಯಿತು, ಅದೇ ತೀರ್ಪು. ಸುತ್ತಲಿನ ತೋಟದವರೂ ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಇನ್ನು ಕಣಕ್ಕೆ ಚಪ್ಪಲಿ ಹಾಕಿ ಇಳಿಯುವ ಮಾತಂತೂ ಇಲ್ಲ, ಕಾಫಿ ಎಂದರೆ ಲಕ್ಷ್ಮಿ. ಈಗ ಆ ಪಾದಕ್ಕೆ ಸೂಜಿಯೂ ಗೊತ್ತಾಗುತ್ತಿರಲಿಲ್ಲ, ಬೆಂಕಿಯೂ ಗೊತ್ತಾಗುತ್ತಿರಲಿಲ್ಲ.

ಚಿಕ್ಕಮಗಳೂರಿನ ಸರ್ಜನ್ ನೋಡಿ, "ತಿಂಗಳೊಪ್ಪತ್ತು ಡ್ರೆಸ್ಸಿಂಗ್ ಮಾಡಿ ನೋಡೋಣ. ಕೆಂಪು ಮಾಂಸ ಬಂದ್ರೆ ಸರಿ. ಇಲ್ಲಾಂದ್ರೆ ಮುಂಪಾದ ತೆಗೀಲೇಬೇಕು" ಎಂದರು. ಅಂದಿನಿಂದ ಆ ಕಾಲು ನನ್ನ ತಪಸ್ಸಾಯಿತು. ದಿನಾ ಬಿಚ್ಚುವುದು, ಸತ್ತ ಚರ್ಮ ಕತ್ತರಿಸುವುದು, ತೊಳೆಯುವುದು, ಕಟ್ಟುವುದು. ಕಣಕ್ಕೆ ಇಳಿಯಬಾರದು ಎಂದರೆ "ಛೆ ಛೆ, ಇಲ್ಲ" ಎನ್ನುತ್ತಿದ್ದರು. ಮಾರನೇ ದಿನ ಬ್ಯಾಂಡೇಜಿನ ಒಳಗಿಂದ ಕಾಫಿ ಸಿಪ್ಪೆ ಉದುರುತ್ತಿತ್ತು. ಸಕ್ಕರೆ ಕಾಯಿಲೆಯವರಿಗೆಂದೇ ಮಾಡುವ ಮೆತ್ತನೆ ಚಪ್ಪಲಿ ತರಿಸಿ ಕೊಟ್ಟೆ. "ರಸ್ತೆಗಾದ್ರೆ ಸರಿ, ಕಣಕ್ಕೆ ಹಾಕಿದ್ರೆ ಲಕ್ಷ್ಮಿ ಅಮ್ಮ ಮುನಿಸ್ಕೊಳ್ತಾಳೆ" ಎಂದು ನನ್ನ ಬೀರುವಿನಲ್ಲೇ ಬಿಟ್ಟು ಹೋದರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಮಾಡಿದವರು ಈ ಪಾದವನ್ನೇ ನೋಡಿ ಮಾಡಿರಬೇಕು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ ನುಂಗಿ ನನಗೆ ಹೊಟ್ಟೆ ಉಬ್ಬರಿಸುತ್ತಿತ್ತು.

ತಡೆಯಲಾರದೆ ಒಂದು ದಿನ ಜೀಪು ಹತ್ತಿ ಎಸ್ಟೇಟಿಗೇ ಹೋದೆ. ಕಾಲು ಜೋಮು ಹಿಡಿದ ಸಂಗತಿಯ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಕಣಕ್ಕೆ ಇಳಿಸಬೇಡಿ ಅಂತಷ್ಟೇ ಹೇಳಿದೆ. ಗೌಡರು ಒಳಗಿನಿಂದ ಕಾಫಿಯ ತೇವ ಅಳೆಯುವ ಮೆಷಿನ್ ತಂದು ಮೇಜಿನ ಮೇಲಿಟ್ಟರು.

"ಇದು ಬಂದು ಎಷ್ಟೋ ವರ್ಷ ಆಯ್ತು ಸಿಸ್ಟರ್. ಅವ್ರು ಹೇಳಿ ಹೋದ್ಮೇಲೆ ನಾವು ಇದ್ರಲ್ಲಿ ನೋಡ್ಕೊಳ್ತೀವಿ. ಈಚೀಚೆಗೆ ಅವ್ರು ಹೇಳೋದು ಒಂದೂ ತಾಳೆ ಆಗಲ್ಲ."

"ಮತ್ಯಾಕೆ ಇಳಿಸ್ತೀರಿ?"

"ನಮ್ಮಪ್ಪನ ಕಾಲದವ್ರು. ನಿಮ್ಮ ಕಾಲು ಬೇಡ ಅಂತ ಹೇಗೆ ಹೇಳೋದು ಮಾರಾಯ್ತಿ?"

ವಾಪಸು ಬರುವಾಗ ನನಗೆ ಅಳುವಷ್ಟು ಸಿಟ್ಟು ಬಂದಿತ್ತು. ಯಾರಿಗೂ ಬೇಡದ ಕೆಲಸಕ್ಕೆ ಒಬ್ಬ ಮನುಷ್ಯ ಕಾಲು ಸುಟ್ಟುಕೊಳ್ಳುತ್ತಿದ್ದಾನೆ, ಊರೆಲ್ಲ ಮರ್ಯಾದೆಗೆ ಸುಮ್ಮನಿದೆ. ಆ ಭಾನುವಾರವೇ ಫಾದರ್ ಪ್ರಸಂಗದಲ್ಲಿ ಮತ್ತೆ ಅದೇ ರಾಗ ಎತ್ತಿದರು, ನಿಮ್ಮ ಕೆಲಸವನ್ನು ದೇವರ ಕೆಲಸ ಅಂತ ಮಾಡಿ, ಬದುಕಿಗೆ ಅರ್ಥ ಬರುತ್ತದೆ ಅಂತ. ಎದ್ದು ನಿಂತು, ಹಾಗೆ ಮಾಡಿದವರ ಕಾಲು ತೋರಿಸ್ತೀನಿ ಬನ್ನಿ ಫಾದರ್ ಅನ್ನಬೇಕೆನಿಸಿತು. ಅಮ್ಮ ಪಕ್ಕದಲ್ಲಿ ಕೂತಿದ್ದಳು, ಸುಮ್ಮನಾದೆ. ನನ್ನ ಕೆಲಸದ ಬಗ್ಗೆಯೂ ಅನುಮಾನ ಹುಟ್ಟಿತು. ನಾನು ಕಟ್ಟುವುದು, ಅವರು ಹಾಳುಮಾಡುವುದು, ನಾನು ಕಟ್ಟುವುದು. ಇದರಲ್ಲಿ ದೇವರಿಗೇನು ಲಾಭ?

ಪವಿತ್ರ ಗುರುವಾರ ಬಂತು. ಮಧ್ಯಾಹ್ನವೇ ಡಾಕ್ಟರು ಹೊರಟುಹೋಗಿದ್ದರು. ನಾನು ಹೊಸ ಸೀರೆ ಉಟ್ಟು, ಬೆಣ್ಣೆಯ ಹಾಗೆ ನುಣುಪಾದ ಕಾಲುಗಳನ್ನು ಆಗಾಗ ನೋಡಿಕೊಳ್ಳುತ್ತ ಕ್ಲಿನಿಕ್ಕಿಗೆ ಬೀಗ ಹಾಕಲು ಹೊರಟಿದ್ದೆ. ಕೊಟ್ಟಿಗೆಹಾರದ ಕಡೆಯಿಂದ ಮೋಡ ನುಗ್ಗಿ ಬಂದು ದಬದಬ ಮಳೆ ಹೊಡೆಯಿತು. ಮಳೆ ನಿಂತ ಹಿಂದೆಯೇ ಎಸ್ಟೇಟಿನ ಜೀಪು ಬಾಗಿಲಲ್ಲಿ ಬಂದು ನಿಂತಿತು. ಡ್ರೈವರ್ ಹೆಗಲು ಹಿಡಿದು ಮೇಸ್ತ್ರಿಗಳು ಇಳಿದರು. ಬ್ಯಾಂಡೇಜ್ ಅರ್ಧ ಕಳಚಿ ಕೆಸರಲ್ಲಿ ಎಳೆಯುತ್ತಿತ್ತು.

"ಕಣದ ತುಂಬ ಕಾಫಿ ಇತ್ತು ಸಿಸ್ಟರಮ್ಮ. ನೆನೀತಿತ್ತು. ಎಲ್ರೂ ಓಡಿದ್ರು, ನಾನೂ ರಾಶಿ ಮಾಡೋಕೆ ಇಳಿದೆ. ಟಾರ್ಪಾಲ್ ಎಳೀಬೇಕಿತ್ತಲ್ಲ" ಎಂದರು, ಏನೋ ಸಾಹಸ ಮಾಡಿದವರ ಹಾಗೆ.

ನಾನು ಬಾಯಿ ತೆರೆದೆ. ತಪಸ್ಸುಕಾಲದ ಉದ್ದಕ್ಕೂ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಮನೆಮಾತು ಕೊಂಕಣಿಯಲ್ಲಿ ಬೈದರೆ ಯೇಸುಸ್ವಾಮಿಗೆ ಬೇಗ ಕೇಳುತ್ತದೆ ಅಂತ ಕನ್ನಡದಲ್ಲೂ ತುಳುವಿನಲ್ಲೂ ಬೈದೆ. ಮೇಸ್ತ್ರಿಗಳ ವಂಶ, ಗೌಡರ ಮರ್ಯಾದೆ, ರೋಬಸ್ಟಾ ಕಾಫಿ ಗಿಡವನ್ನು ಈ ಸೀಮೆಗೆ ತಂದವನು, ಯಾರನ್ನೂ ಬಿಡಲಿಲ್ಲ. ಡ್ರೈವರ್ ಮೆಲ್ಲಗೆ ಜಾರಿಕೊಂಡು ಜೀಪಿನೊಳಗೆ ಹೋಗಿ ಕೂತ. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಹೋದರೆ ಈ ಕೊಳೆ ರಾತ್ರಿಯೆಲ್ಲ ಗಾಯದಲ್ಲಿರುತ್ತದೆ, ಪಾದ ಹೋದ ಹಾಗೆಯೇ. ಬೈಯುತ್ತಲೇ ಸ್ಟೂಲ್ ಎಳೆದು ಕೂತು, ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೊಸ ಸೀರೆಯ ಕತೆ ಅಲ್ಲಿಗೆ ಮುಗಿಯಿತು.

ಸಲೈನ್ ಹೊಯ್ದು ತೊಳೆದೆ. ಕೆಸರು ಹೋಯಿತು, ಕಾಫಿ ಸಿಪ್ಪೆ ಹೋಯಿತು, ಬೇಸಿನ್ ಕಪ್ಪಾಯಿತು. ನೀರು ಚೆಲ್ಲಿ ಮತ್ತೆ ತೊಳೆದೆ. ಬೆರಳ ಬುಡದಲ್ಲಿ ಅಂಟಿಕೊಂಡಿದ್ದ ಕರಿ ಪೊರೆ ಇಕ್ಕಳಕ್ಕೆ ಸಲೀಸಾಗಿ ಕಳಚಿ ಬಂತು. ಅದರ ಕೆಳಗೆ ಕೆಂಪು. ಹತ್ತಿಯಲ್ಲಿ ಒತ್ತಿದರೆ ರಕ್ತ ಜಿನುಗಿತು, ಒಳ್ಳೇ ಜೀವಂತ ರಕ್ತ.

ನನ್ನ ಬೈಗುಳ ನಿಂತುಹೋಯಿತು. ನಾನು ಸುಮ್ಮನಾದದ್ದೇ ಅವರಿಗೆ ಹೆದರಿಕೆಯಾಯಿತು.

"ಹೋಯ್ತಾ ಕಾಲು?"

"ಇಲ್ಲ ಮಾರಾಯ್ರೆ, ಉಳೀತು" ಎಂದೆ. ಹೇಳುವಾಗ ಅಳು ಬಂದೇಬಿಟ್ಟಿತು. ಆ ಹೊತ್ತಿಗೆ ನನಗೆ ಚರ್ಚು ಬೇಕಿರಲಿಲ್ಲ, ದೂರದೇಶ ಬೇಕಿರಲಿಲ್ಲ. ಆ ಕೆಂಪು ನೋಡುವುದಕ್ಕೇ ಹುಟ್ಟಿದವಳ ಹಾಗೆ ಸಂತೋಷವಾಗಿತ್ತು. ಇದೇ ಕೆಲಸಕ್ಕೆ ಕರೆದದ್ದಾದರೆ ಇಷ್ಟು ವರ್ಷ ಸತಾಯಿಸದೆ ಮೊದಲೇ ಹೇಳಬಾರದಿತ್ತಾ ಸ್ವಾಮಿ ಅಂತ ಮನಸ್ಸಲ್ಲೇ ಕೇಳಿದೆ. ಮೂಗು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಬ್ಯಾಂಡೇಜ್ ಸುತ್ತುವಾಗ ಗಂಟೆ ಯಾಕೆ ಹೊಡೆಯಿತು ಅಂತ ಮೇಸ್ತ್ರಿಗಳು ಕೇಳಿದರು. ಹೇಳಿದೆ. ಅವರು ನಂಬಲಿಲ್ಲ. "ನಿಮ್ಮ ಪೂಜಾರಿಗಳು? ಬೇರೆಯವ್ರ ಕಾಲು ತೊಳೀತಾರಾ?"

"ನಮ್ಮ ಸ್ವಾಮಿಯೇ ತೊಳೆದದ್ದು. ಒಬ್ಬ ಶಿಷ್ಯ ಮಾತ್ರ, ನನ್ನ ಕಾಲು ನೀವು ಮುಟ್ಟೋದಾ, ಸಾಧ್ಯವೇ ಇಲ್ಲ ಅಂತ ಹಟ ಹಿಡಿದ. ತೊಳೆಸಿಕೊಳ್ಳದಿದ್ರೆ ನಿನಗೂ ನನಗೂ ಸಂಬಂಧ ಇಲ್ಲ ಅಂದ್ರು ಸ್ವಾಮಿ. ಕಾಲು ತೊಳೆಯೋದು ಸುಲಭ ಮೇಸ್ತ್ರಿಗಳೇ. ಕಾಲು ಕೊಡೋದು ಕಷ್ಟ."

ಇದು ಹೇಳುವ ತನಕ ನನಗೂ ಗೊತ್ತಿರಲಿಲ್ಲ. ಚೊಕ್ಕ ಮಾಡಿಟ್ಟ ನನ್ನ ಕಾಲುಗಳ ಮೇಲೆ ಕಣ್ಣು ಹೋಯಿತು, ನಾಚಿಕೆಯಾಯಿತು. ಮೇಸ್ತ್ರಿಗಳು ಹೊರಡುವಾಗ ಬೀರುವಿನ ಕಡೆ ಕೈ ತೋರಿಸಿ, "ಆ ಚಪ್ಪಲಿ ಕೊಡಿ" ಎಂದರು.

ಶನಿವಾರ ಅದೇ ಚಪ್ಪಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ವಾಪಸು ತಂದರು. ಎರಡರ ಮೇಲೂ ಕುಂಕುಮ. "ನೆಲ ಮುಟ್ಟಿಸಿಲ್ಲ, ಕಣಕ್ಕೆ ಅಂತಲೇ ಮೀಸಲು. ಲಕ್ಷ್ಮಿ ಅಮ್ಮನ ಮುಂದೆ ಇಟ್ಟು ಕೇಳಿದೆ, ಬೇಡ ಅನ್ನಲಿಲ್ಲ. ನಿಮ್ಮ ಪೂಜಾರಿಗಳ ಹತ್ರಾನೂ ಒಂದು ಹನಿ ತೀರ್ಥ ಹಾಕ್ಸಿ ಕೊಡಿ. ಕಾಲೇ ತೊಳೆಯೋರು, ಚಪ್ಪಲಿಗೆ ಬೇಜಾರು ಮಾಡ್ಕೊಳ್ಳೋದಿಲ್ಲ."

ಈಸ್ಟರ್ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಫಾದರ್ ಮುಂದೆ ಗಂಟು ಬಿಚ್ಚಿದೆ. ಅವರು ಕುಂಕುಮ ನೋಡಿದರು. "ಗುರುವಾರ ನಿಮ್ಮ ಕುರ್ಚಿ ಖಾಲಿ ಇತ್ತು. ಈಗ ಇದೇನಮ್ಮ?"

"ಹೊಸ ಕಾರು ತಂದ್ರೆ ಟೈರಿಗೆಲ್ಲ ತೀರ್ಥ ಹಾಕ್ತೀರಲ್ಲ ಫಾದರ್. ಇದಕ್ಕೂ ಹಾಕಿ, ಆಮೇಲೆ ಹೇಳ್ತೀನಿ."

ಹಾಕಿದರು. ಕತೆ ಕೇಳಿ ಇನ್ನೊಮ್ಮೆ ಹಾಕಿದರು, ಧಾರಾಳವಾಗಿ.

ಸರ್ಜನ್ ಕತ್ತಿ ಬೇಡ ಎಂದ ಮೇಲೆ ಒಂದು ದಿನ ನಾನೂ ಕಣಕ್ಕೆ ಹೋದೆ. ಕಡೆಯ ಕಾಫಿ ಹರವಿತ್ತು. ಮೇಸ್ತ್ರಿಗಳು ಮೀಸಲು ಚಪ್ಪಲಿ ಮೆಟ್ಟಿ ಕಾಫಿಯ ನಡುವೆ ಇಳಿದರು. ಕೆಲಸದ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಗೌಡರು ಎಂದಿನ ಹಾಗೆ, "ಇನ್ನೆಷ್ಟು ಬಿಸಿಲು ಮೇಸ್ತ್ರಿಗಳೇ?" ಎಂದರು.

ಅವರು ಕಣ್ಣು ಮುಚ್ಚಲಿಲ್ಲ. "ಗೊತ್ತಾಗಲ್ಲ ಗೌಡ್ರೇ. ಚಪ್ಪಲಿ ಹಾಕಿದ್ದಕ್ಕಲ್ಲ. ಮೊದಲೂ ಗೊತ್ತಾಗ್ತಿರ್ಲಿಲ್ಲ. ಸುಮ್ನೆ ಹೇಳ್ತಿದ್ದೆ. ಕಾಲು ಸತ್ತಿದೆ."

ಗೌಡರು ಒಳಗೆ ಹೋಗಿ ಮೆಷಿನ್ ತಂದು, ನಮಗೆ ಗೊತ್ತಿತ್ತು ಎಂದು ಹೇಳದೆ, ಅವರ ಕೈಗೇ ಕೊಟ್ಟರು. "ನೀವೇ ನೋಡಿ ಹೇಳಿ." ಮೇಸ್ತ್ರಿಗಳು ಕನ್ನಡಕ ಏರಿಸಿ, ಹಿಡಿ ಕಾಫಿ ತುಂಬಿ, ಅಂಕಿಯನ್ನು ಬಹಳ ಹೊತ್ತು ನೋಡಿ, ಅದೇ ಹಳೇ ಗತ್ತಿನಲ್ಲಿ "ಇನ್ನೆರಡು ಬಿಸಿಲು ಬೇಕು" ಎಂದರು. ಹೆಂಗಸರು ಗೊಳ್ಳೆಂದು ನಕ್ಕರು, ಅವರೂ ನಕ್ಕರು.

ನಾನು ಕಣದ ಅಂಚಲ್ಲಿ ನಿಂತಿದ್ದೆ. ಅಭ್ಯಾಸಬಲದಿಂದ ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದೆ. ಸಿಮೆಂಟು ಧಗಧಗ ಸುಡುತ್ತಿತ್ತು, ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುತ್ತಿದ್ದೆ. ಅದು ಮೇಸ್ತ್ರಿಗಳ ಕಣ್ಣಿಗೆ ಬಿತ್ತು.

"ಸಿಸ್ಟರಮ್ಮ!" ಕಣದ ಆ ತುದಿಯಿಂದ ಗದರಿಸಿದರು. "ಬುದ್ಧಿ ಇದೆಯಾ ನಿಮಗೆ? ಮೊದ್ಲು ಚಪ್ಪಲಿ ಹಾಕ್ಕೊಳ್ಳಿ. ನೀವು ಕಾಲು ಸುಟ್ಕೊಂಡ್ರೆ ತೊಳೆಯೋರ್ಯಾರು?"