ಜರಿ ಚಾಚಿಯ ಮೂಗು

ಜರಿ ಚಾಚಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕಾದ ಬೆಳ್ಳಿ ಮುಟ್ಟಿ ಮುಟ್ಟಿ ಅವು ಗೋಲಿಗಳಂತೆ ನುಣ್ಣಗಾಗಿದ್ದವು. ಎಲ್ಲಿಯಾದರೂ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ನೀಲಿ ಮಚ್ಚೆ ಮೂಡುತ್ತಿತ್ತು. "ನನ್ನ ಸಹಿ ಬೆಂಕಿ ತಿಂದೈತಿ" ಎಂದು ನಗುತ್ತಿದ್ದಳು.

ಗಜೇಂದ್ರಗಡದಲ್ಲಿ ಅವಳ ಮನೆ ನಮ್ಮ ಹಿತ್ತಲಿಗೆ ಅಂಟಿಕೊಂಡಿತ್ತು. ಗಂಡ ಸತ್ತ ಮೇಲೆ ಅವಳು ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ರೋಣ, ಇಟಗಿಯವರೆಗೂ ತಿರುಗಿ, ಪಾತ್ರೆ ಕೊಟ್ಟು ಹಳೆಯ ಜರಿಸೀರೆ ತರುತ್ತಿದ್ದಳು. ಸೆರಗು, ಅಂಚು ಕತ್ತರಿಸಿ ಹಿತ್ತಲಿನ ಒಲೆಯಲ್ಲಿ ಸುಟ್ಟು, ಬೂದಿ ತೊಳೆದು ಕರಗಿಸಿದರೆ ಒಂದಿಷ್ಟು ಬೆಳ್ಳಿ ಉಳಿಯುತ್ತಿತ್ತು.

ಸೀರೆ ಕೊಳ್ಳುವ ಮೊದಲು ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು ಮೂಸುತ್ತಿದ್ದಳು. ನಕಲಿ ಜರಿಯಾದರೆ ಪ್ಲಾಸ್ಟಿಕ್ಕಿನ ಕಮಟು. ಒಮ್ಮೆ ರೋಣದ ಅಂಗಡಿಕಾರನೊಬ್ಬ ಹೆಂಡತಿಯ ಸೀರೆಯ ಬಗ್ಗೆ ಜಂಬ ಕೊಚ್ಚಿದನಂತೆ. ಚಾಚಿ ಎಳೆ ಸುಟ್ಟು ಮೂಸಿ, "ಸಾವಕಾರ್ರ, ಇದು ಖೋಟಾ ಐತ್ರಿ. ಮನ್ಯಾಗ ಹೇಳಬ್ಯಾಡ್ರಿ, ಉಪಾಸ ಬೀಳ್ತೀರಿ" ಎಂದು ಬುಟ್ಟಿ ಎತ್ತಿಕೊಂಡು ಬಂದಳಂತೆ. "ಬೆಂಕಿ ಮುಂದ ಸುಳ್ಳ ನಿಲ್ಲಂಗಿಲ್ಲ" ಎಂಬುದು ಅವಳ ಮಾತು.

2007ರ ಬೇಸಿಗೆಯಲ್ಲಿ ನಾನು ಓದಿದ ಹೈಸ್ಕೂಲಿನವರು ತಮ್ಮ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದರು. ನಾನು ಹತ್ತನೆಯ ತರಗತಿಗೆ ಬರುವಷ್ಟರಲ್ಲೇ ಅವು ಕೆಟ್ಟು ಕೂತಿದ್ದವು. ಆದರೂ ಪ್ರತಿ ಆಯುಧಪೂಜೆಗೆ ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತಿದ್ದೆವು. ಕಂಪ್ಯೂಟರಿನೊಳಗೆ ಬಂಗಾರ ಇರುತ್ತದೆಂದು ಯಾರೋ ಚಾಚಿಯ ಕಿವಿಗೆ ಹಾಕಿದ್ದರು. ಮುಂದಿನ ವರ್ಷ ಮೊಮ್ಮಗಳ ನಿಕಾ ಇತ್ತು. ಆ ಹುಡುಗಿಗೆ ಒಂದು ಜೊತೆ ಜುಮಕಿ ಮಾಡಿಸುವ ಆಸೆ. ಕೈಗಾಡಿ ತಂದು ಅಷ್ಟನ್ನೂ ತಾನೇ ಹೇರಿಕೊಂಡು ಬಂದಳು.

ಒಡೆಯುವ ಮೊದಲು ಒಂದೊಂದರ ಕುಂಕುಮವನ್ನೂ ಸೆರಗಿನಿಂದ ಒರೆಸಿದಳು. "ಪೂಜಾ ಮಾಡಿದ್ದು, ಹಂಗ ಒಡಿಬಾರ್ದು."

ಆಮೇಲೆ ಒಲೆ ಹೊತ್ತಿತು. ಕಂಪ್ಯೂಟರಿನೊಳಗಿನ ಹಸಿರು ಹಲಗೆಗಳು, ವೈರುಗಳು ಕರಗಿ ಕಪ್ಪು ಹೊಗೆ ನಮ್ಮ ಅಡುಗೆಮನೆಗೂ ನುಗ್ಗಿತು. ಹೊಗೆ ಎದ್ದ ದಿನ ನಾನು ದಿನಚರಿಯ ಮೂಲೆಗೆ ಒಂದು ಚುಕ್ಕೆ ಇಡುತ್ತಿದ್ದೆ. ಆ ಮೇ ತಿಂಗಳಲ್ಲಿ ಚುಕ್ಕೆ ಬೀಳದಿದ್ದುದು ಮಳೆ ಬಂದ ದಿನಗಳಲ್ಲಿ ಮಾತ್ರ.

"ಚಾಚಿ, ಅದರಾಗ ಸೀಸ ಐತಿ. ಹೊಗಿ ವಿಷ. ಸುಡಬ್ಯಾಡ" ಎಂದೆ.

"ಜರಿ ಸುಟ್ರ ಬೆಳ್ಳಿ ಉಳಿತೈತಿ, ಹೌದಿಲ್ಲ? ಇದನ್ನ ಸುಟ್ರ ಬಂಗಾರ ಯಾಕ ಉಳಿಯಂಗಿಲ್ಲ? ಹೊಗಿ ನನಗೇನ ಹೊಸಾದೇನ ಬೇಟಿ?"

ಶಾಲೆಗೆ ಹೋಗಿ ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಖಾಲಿಯಾದ ಕೋಣೆಯನ್ನು ತೋರಿಸಿದರು. "ವಿಲೇವಾರಿ ಆಗೇತವಾ. ಗೇಟ್ ದಾಟಿದ ಮ್ಯಾಲ ಅದು ಸಾಲಿ ಸಾಮಾನಲ್ಲ."

ಒಲೆಯಲ್ಲಿ ತಾಮ್ರದ ತಂತಿ ಸಿಕ್ಕಿತು, ಕಪ್ಪು ಮುದ್ದೆ ಸಿಕ್ಕಿತು. ಬಂಗಾರ ಸಿಗಲಿಲ್ಲ. ಮಳೆಗಾಲಕ್ಕೆ ಚಾಚಿಗೆ ಕೆಮ್ಮು ಹತ್ತಿತು. ಗದಗಿನ ದವಾಖಾನೆಗೆ ಹೋಗಿ ಬಂದಳು, ನಿಲ್ಲಲಿಲ್ಲ.

ದಸರೆಯ ಹೊತ್ತಿಗೆ ಹೆಂಗಸೊಬ್ಬಳು ಮಾರಲು ಸೀರೆ ತಂದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಚಾಚಿ ಎಳೆ ಸುಟ್ಟಾಗ ಕಮಟು ವಾಸನೆ ನನ್ನವರೆಗೂ ಬಂತು. ಅವಳು ಮೂಸಿದಳು, ಮತ್ತೆ ಮೂಸಿದಳು. "ಖರೇ ಐತಿ" ಎಂದು ದೊಡ್ಡ ಪಾತ್ರೆ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ಖೋಟಾ ಇತ್ತೇನ?"

ಹೌದೆಂದು ತಲೆಯಾಡಿಸಿದೆ. ಅವಳು ಇನ್ನೊಂದು ಎಳೆ ಸುಟ್ಟು ಮೂಗಿನ ತೀರ ಹತ್ತಿರ ಹಿಡಿದಳು. ಮೇಲ್ದುಟಿ ಸುಟ್ಟುಕೊಂಡರೂ ಏನೂ ತಿಳಿಯಲಿಲ್ಲ. ಸುಟ್ಟ ಎಳೆಯನ್ನು ಕೆಳಗಿಟ್ಟು, "ಇನ್ನ ಮ್ಯಾಲ ನೀನ ನನ್ನ ಮೂಗು" ಎಂದಳು. ಖರೇ ಜರಿಯ ವಾಸನೆ ಕೂದಲು ಸುಟ್ಟಂತೆ, ಅದು ಒಳಗಿನ ರೇಷ್ಮೆಯದು ಎಂದು ಕಲಿಸಿದ್ದು ಆಗಲೇ.

ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ಉಳಿದ ಬೆಳ್ಳಿಯನ್ನೆಲ್ಲ ಮಾರಿ, ಜುಮಕಿಯ ಬದಲು ಮೊಮ್ಮಗಳಿಗೆ ಜರಿಸೀರೆ ತರಿಸಿದ್ದಳು. ಕೊನೆಯ ಸಲ ಹೋದಾಗ ದಿಂಬಿನಡಿಯಿಂದ ಅದನ್ನು ಎಳೆದು, "ನೋಡ ಬೇಟಿ" ಎಂದಳು. ಸುಡಲು ಅಂಗಳಕ್ಕೆ ಹೋಗುತ್ತೇನೆಂದರೆ ಬಿಡಲಿಲ್ಲ. ಅವಳೆದುರೇ ಎಳೆ ಕಿತ್ತು ಸುಟ್ಟೆ.

ಪ್ಲಾಸ್ಟಿಕ್ಕಿನ ಕಮಟು ಕೋಣೆ ತುಂಬಿತು. ಅವಳು ನನ್ನನ್ನೇ ನೋಡುತ್ತಿದ್ದಳು.

"ಖರೇ ಐತಿ ಚಾಚಿ."

"ಕೂದಲಿನ ವಾಸನಿ ಬಂತಾ?"

"ಬಂತು."

ಅವಳು ಸೀರೆಯನ್ನು ಮಡಚಿ ಎದೆಯ ಮೇಲೆ ಇಟ್ಟುಕೊಂಡಳು. ಆ ವಾರವೇ ಹೋದಳು. ನಿಕಾ ನೋಡಲಿಲ್ಲ.

ಸುಡದೆ ಉಳಿದ ಕಂಪ್ಯೂಟರ್ ಪೆಟ್ಟಿಗೆಗಳನ್ನು ಶಾಲೆಯವರು ವಾಪಸು ಒಯ್ಯಲಿಲ್ಲ, ಗುಜರಿಯವರೂ ಕೇಳಲಿಲ್ಲ. ಹಿತ್ತಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿವೆ. ಒಲೆಯ ಸುತ್ತ ಎರಡು ಮಳೆಗಾಲ ಕಳೆದರೂ ಹುಲ್ಲು ಹುಟ್ಟಿಲ್ಲ. ಬೆಂಕಿಯ ಮುಂದೆ ಸುಳ್ಳು ನಿಲ್ಲುವುದಿಲ್ಲ ಎನ್ನುತ್ತಿದ್ದವಳ ಎದುರು ನನ್ನ ಸುಳ್ಳು ನಿಂತಿತು. ಅದನ್ನು ಹಿಡಿಯಬಲ್ಲ ಮೂಗನ್ನು ಆ ಒಲೆ ಮೊದಲೇ ತಿಂದಿತ್ತು.